ಲಿಫ್ಟ್‌ನಲ್ಲಿ ಕೊಟ್ಟ ಉತ್ತರ

ನಾಚಿಕೆಯ ಸಂಗತಿ, ಆದರೂ ನನ್ನೊಳಗೇ ಒಪ್ಪಿಕೊಳ್ಳುತ್ತೇನೆ: ನಾಲ್ಕು ಜನರೆದುರು ಬಾಯಿ ತೆರೆಯಬೇಕೆಂದರೆ ನಾನು ಹಿಂದಿನ ಸಾಲಿಗೆ ಸರಿಯುತ್ತೇನೆ. ಪದವಿ ಮುಗಿಸಿ ಈ ಕಚೇರಿ ಸೇರಿದ್ದೇ ಇಲ್ಲಿ ಮಾತಿನ ಕೆಲಸ ಕಡಿಮೆ ಎಂದು. ಗುತ್ತಿಗೆದಾರರ ಜೊತೆ ಅಧಿಕಾರಿ ಒಬ್ಬರೇ ಕೂತು ಮಾತಾಡುವಂತಿಲ್ಲ, ಪಕ್ಕದಲ್ಲಿ ಇನ್ನೊಬ್ಬರು ಇರಲೇಬೇಕು. ಆ ಇನ್ನೊಬ್ಬರು ನಾನು. ಕಿವಿ ನೆಟ್ಟಗಿದ್ದರೆ ಸಾಕು ಎಂದುಕೊಂಡಿದ್ದೆ, ಇವತ್ತು ಬೆಳಿಗ್ಗೆ ಲಿಫ್ಟ್ ನಿಂತುಬಿಡುವವರೆಗೆ.

ಒಳಗೆ ಮೂವರಿದ್ದೆವು: ಎಂಜಿನಿಯರ್ ಸಾಹೇಬರು, ನಾನು, ಮತ್ತು ಮಧ್ಯಾಹ್ನದ ಟೆಂಡರ್ ಸಭೆಗೆ ಬೇಗನೇ ಬಂದಿದ್ದ ದಪ್ಪ ಮೀಸೆಯ ಗುತ್ತಿಗೆದಾರರು. ಹಳೆಯ ಬಸ್ ತಂಗುದಾಣಗಳನ್ನು ಕೆಡವಿ ಹೊಸವನ್ನು ಕಟ್ಟುವ ಕೆಲಸಕ್ಕೆ ಪೈಪೋಟಿಯಲ್ಲಿದ್ದ ಐವರಲ್ಲಿ ಅವರೂ ಒಬ್ಬರು. ಎರಡು ಮಹಡಿಗಳ ನಡುವೆ ಲಿಫ್ಟ್ ಗಕ್ಕನೆ ನಿಂತಾಗ ಅಷ್ಟು ದೊಡ್ಡ ಮೀಸೆಯ ತುದಿ ನಡುಗಿತು.

"ಹೆದರ್ಬೇಡಿ ಯಜಮಾನ್ರೇ, ಇದು ಆಗಾಗ ಹೀಗೆ ದಣಿವಾರಿಸ್ಕೊಳ್ಳುತ್ತೆ," ಎಂದು ಸಾಹೇಬರು ಅವರ ಬೆನ್ನು ಸವರಿದರು. "ಏನಾದ್ರೂ ಮಾತಾಡ್ತಾ ಇರಿ."

"ಸಾಹೇಬ್ರೇ, ಗಾಳಿ ಬರ್ತಿದೆಯಾ?"

"ಬೇಕಾದಷ್ಟು ಬರ್ತಿದೆ. ಮಾತಾಡಿ, ಮಾತಾಡಿ."

ಬೆವರುತ್ತಿದ್ದ ಮನುಷ್ಯನಿಗೆ ತೋಚಿದ್ದು ಕೆಲಸದ ಮಾತೇ. "ಆ ಹಳೇ ತಂಗುದಾಣಗಳ ಕಬ್ಬಿಣ ಇದೆಯಲ್ಲಾ, ಅದನ್ನ ಕಚೇರಿಗೆ ವಾಪಸ್ ಕೊಡ್ಬೇಕಾ?"

"ಬೇಡ, ಅದು ಕೆಲಸ ಮಾಡೋರಿಗೇ," ಎಂದರು ಸಾಹೇಬರು, ಅಳುವ ಮಗುವನ್ನು ಸಮಾಧಾನಪಡಿಸುವಷ್ಟೇ ಸಲೀಸಾಗಿ. ಅಷ್ಟರಲ್ಲಿ ಲಿಫ್ಟ್ ಹೊರಟಿತು.

ಸಾಹೇಬರು ಆ ಮಾತನ್ನು ಲಿಫ್ಟ್‌ನಲ್ಲೇ ಬಿಟ್ಟು ಹೋದರು. ನನಗೆ ಅದು ಅಂಟಿಕೊಂಡಿತು. ಟೆಂಡರ್ ಕಾಗದದಲ್ಲಿ ಹಳೇ ಕಬ್ಬಿಣದ ಸುದ್ದಿಯೇ ಇಲ್ಲ. ಮಾರಿಕೊಳ್ಳಲು ಅದು ತನಗೇ ಸಿಗುತ್ತದೆಂದು ತಿಳಿದವರು ಧೈರ್ಯವಾಗಿ ದರ ಇಳಿಸಬಹುದು. ಉಳಿದ ನಾಲ್ವರು ಕತ್ತಲಲ್ಲಿ ತಡಕಾಡಬೇಕು. ಒಬ್ಬರಿಗೆ ಹೇಳಿದ್ದನ್ನು ಎಲ್ಲರಿಗೂ ಹೇಳಬೇಕೆಂಬುದು ಇಲ್ಲಿಯ ಮೊದಲ ನಿಯಮ. ಹೇಳದಿದ್ದರೆ ಉಳಿದವರಿಗೆ ಅನ್ಯಾಯ. ಹೇಳಿದರೆ, ಗುತ್ತಿಗೆದಾರರ ಪೆನ್ನು ಇಸಿದುಕೊಂಡು ಸಹಿ ಕೂಡ ಹಾಕದ ನಮ್ಮ ಸಾಹೇಬರ ಕಡೆಗೆ ಐದು ಜನರೆದುರು ನಾನೇ ಬೊಟ್ಟು ಮಾಡಿದಂತೆ.

ಎರಡು ಸಲ ಅವರ ಕೋಣೆಗೆ ಹೋದೆ. ಮೊದಲ ಸಲ ಸ್ಟೇಪ್ಲರ್ ಕೇಳಿ ತಂದೆ. ಎರಡನೆಯ ಸಲ ಅದನ್ನು ವಾಪಸ್ ಕೊಟ್ಟು ಬಂದೆ.

ಊಟದ ಹೊತ್ತಿಗೆ ಅಕ್ಕನಿಗೆ ಫೋನ್ ಮಾಡಿದೆ. ವಿವರ ಹೇಳಲಿಲ್ಲ, ಸಾಹೇಬರು ಮರೆತದ್ದೊಂದನ್ನು ನೆನಪಿಸಬೇಕು ಎಂದಷ್ಟೇ ಹೇಳಿದೆ.

"ನಿನ್ನ ಬಾಯಿಗೆ ಬೀಗ ಹಾಕಿ ಕೀಲಿಕೈ ಯಾರ ಹತ್ರ ಕೊಟ್ಟಿದೀಯೇ?" ಎಂದು ನಕ್ಕಳು. "ನಿಮ್ಮ ಸಾಹೇಬ್ರೇನು ಕಳ್ಳರಾ?"

"ಛೇ, ಬಿಡ್ತು ಅನ್ನು!"

"ಮತ್ತೆ ಯಾಕೆ ಹೆದರ್ತೀಯಾ? ಕಳ್ಳರಾಗಿದ್ರೆ ಹೆದರ್ಬೇಕಿತ್ತು. ಹೋಗಿ ಹೇಳು, ಪೆದ್ದಿ."

ದರ ಬರೆದು ಕೊಡುವ ಮುನ್ನ ಅನುಮಾನ ಕೇಳಿ ತಿಳಿಯುವ ಸಭೆ ಶುರುವಾಯಿತು. ವಾಡಿಕೆಯಂತೆ ಬಾಗಿಲನ್ನು ಪೂರ್ತಿ ತೆರೆದಿಟ್ಟಿದ್ದೆವು. ಐವರೂ ಕೇಳಿದರು, ಸಾಹೇಬರು ಉತ್ತರಿಸಿದರು, ನಾನು ಬರೆದುಕೊಂಡೆ. ಕಬ್ಬಿಣದ ಮಾತನ್ನು ಮಾತ್ರ ಯಾರೂ ಎತ್ತಲಿಲ್ಲ. ಕೊನೆಗೆ ಸಾಹೇಬರು, ಎಂದೂ ಯಾರೂ ಉತ್ತರ ಕೊಡದ ಕಡ್ಡಾಯದ ಪ್ರಶ್ನೆಯನ್ನು ಪೆನ್ನಿನ ಮುಚ್ಚಳ ಹಾಕುತ್ತಲೇ ಕೇಳಿದರು: "ಈ ಕೋಣೆಯ ಹೊರಗೆ ಯಾರಿಗಾದ್ರೂ ನಾವು ಏನಾದ್ರೂ ಹೇಳಿದ್ದುಂಟಾ?"

ಮೀಸೆಯವರು ಚಾವಣಿ ನೋಡಿದರು.

"ಸರ್," ಎಂದೆ. ಪಕ್ಕದಲ್ಲಿದ್ದ ಅವರೊಬ್ಬರಿಗೇ ಕೇಳುವಷ್ಟು. "ಲಿಫ್ಟ್... ಕಬ್ಬಿಣ..."

ಮುಚ್ಚಳ ಅವರ ಬೆರಳಿನಿಂದ ಜಾರಿ ಮೇಜಿನ ಕೆಳಗೆ ಉರುಳಿತು. ಬಯ್ಯುತ್ತಾರೆ ಎಂದು ಕಾದೆ. ಅವರು ಕುರ್ಚಿಗೆ ಒರಗಿ ಎದೆ ತುಂಬ ಉಸಿರೆಳೆದು ಬಿಟ್ಟರು.

"ಅಯ್ಯೋ, ಹೌದಲ್ಲಮ್ಮಾ! ನಂಗೆ ನೆನಪೇ ಇರ್ಲಿಲ್ಲ. ಬದುಕಿಸ್ದೆ ನೋಡು. ಎದ್ದು ಎಲ್ಲರಿಗೂ ಹೇಳು."

"ನೀವೇ ಹೇಳಿ ಸರ್."

"ನಾನು ಹೇಳಿದ್ರೆ ನನ್ನ ತಪ್ಪನ್ನ ಸ್ವಲ್ಪ ಚಂದ ಮಾಡಿ ಹೇಳ್ತೀನಿ. ಕೇಳಿಸ್ಕೊಂಡೋಳು ನೀನು, ನೀನೇ ಹೇಳು."

ಮೀಸೆಯವರು ಚಾವಣಿಯಿಂದ ಕಣ್ಣಿಳಿಸಿ ಹಣೆ ಒರೆಸಿಕೊಂಡರು. ಬೆಳಿಗ್ಗೆ ಲಿಫ್ಟ್ ಮತ್ತೆ ಹೊರಟಾಗ ಇದ್ದದ್ದೂ ಇದೇ ನಿರಾಳದ ಮುಖ. ಆ ಗುಟ್ಟಿನ ಭಾರ ನನ್ನೊಬ್ಬಳದೇ ಅಲ್ಲವೆಂದು ಆಗ ತಿಳಿಯಿತು. ಎದ್ದು ನಿಂತೆ.

"ಜೋರಾಗಿ ಹೇಳಿ ತಾಯಿ, ಫ್ಯಾನ್ ಸದ್ದು," ಎಂದರು ಹಿಂದೆ ಕೂತಿದ್ದ ಗುತ್ತಿಗೆದಾರ ಹೆಂಗಸು.

"ಬೆಳಿಗ್ಗೆ ಲಿಫ್ಟ್‌ನಲ್ಲಿ ಸಾಹೇಬ್ರು ಇವರೊಬ್ಬರಿಗೇ ಒಂದು ಉತ್ತರ ಕೊಟ್ರು," ಎಂದೆ, ಕಾರಿಡಾರಿನಲ್ಲಿದ್ದವರೂ ತಿರುಗಿ ನೋಡುವಷ್ಟು ಜೋರಾಗಿ. "ಹಳೇ ಕಬ್ಬಿಣ ಕೆಲಸ ಮಾಡೋರಿಗೇ ಸೇರುತ್ತೆ ಅಂತ. ಅದು ನಿಮಗೆಲ್ಲರಿಗೂ ಗೊತ್ತಾಗ್ಬೇಕು."