ನಲವತ್ತೊಂದು ಮಕ್ಕಳ ಒಂದೇ ವಿಳಾಸ

ಜೀಪಿನಿಂದ ಇಳಿದವರು ಮೊದಲು ಮಾಡಿದ ಕೆಲಸವೆಂದರೆ ಆಸ್ಪತ್ರೆಯ ಗೋಡೆ ಕೆರೆದದ್ದು. ಒಬ್ಬ ಕಿಟಕಿಯ ಬಣ್ಣ ಕೆರೆದು ಪೊಟ್ಟಣ ಕಟ್ಟಿದ, ಇನ್ನೊಬ್ಬ ನಲ್ಲಿಯ ನೀರು ಹಿಡಿದ, ಮತ್ತೊಬ್ಬಳು ಹೆರಿಗೆ ಕೋಣೆಯ ಧೂಳನ್ನು ಬ್ರಷ್ಷಿನಿಂದ ಗುಡಿಸಿ ಚೀಲಕ್ಕೆ ತುಂಬಿಕೊಂಡಳು. ನರ್ಸಮ್ಮ ಕೈಯಲ್ಲಿದ್ದ ಸಿರಿಂಜನ್ನು ಹಾಗೇ ಹಿಡಿದುಕೊಂಡು ನೋಡುತ್ತ ನಿಂತರು. ನಾಲ್ಕು ತಿಂಗಳು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದದ್ದು ಈ ತಪಾಸಣಾ ತಂಡಕ್ಕೇ.

ಒಂದು ಕಿಲೋಮೀಟರ್ ಆಚೆ, ಹಳೆ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್ಡಿದೆ. ಅದರ ಹಿಂದಿನ ಓಣಿಯಿಂದ ಮಕ್ಕಳು ಒಂದೇ ಸಮ ಬರುತ್ತಿದ್ದರು. ಹೊಟ್ಟೆನೋವು, ಬಿಳಿಚಿದ ಮುಖ, ನಿನ್ನೆ ಕಲಿತದ್ದು ಇವತ್ತು ನೆನಪಿಲ್ಲ. ಹುಳದ ಮಾತ್ರೆಗೆ ಜಗ್ಗುವ ಕಾಯಿಲೆಯಲ್ಲ ಅದು. ಸೀಸದ ವಿಷವಿರಬಹುದೆಂದು ನರ್ಸಮ್ಮ ಒಂದೊಂದು ಮಗುವಿಗೂ ಫಾರಂ ತುಂಬಿ ಮೇಲಕ್ಕೆ ಕಳಿಸುತ್ತ ಬಂದರು. ಮೊದಲನೆಯ ಫಾರಂ ಅವರ ತಮ್ಮನ ಮಗಳದ್ದು, ನಾಲ್ಕು ವರ್ಷದ ಪುಟ್ಟಿಯದ್ದು.

ಅದೇ ಓಣಿಯಲ್ಲಿದ್ದ ತಮ್ಮ ಎರಡು ತಿಂಗಳ ಹಿಂದೆ ಮನೆ ಬದಲಿಸಲು ಗಂಟುಮೂಟೆ ಕಟ್ಟಿದ್ದ. ತಡೆದವರು ಇವರೇ. "ನೀನು ಹೋದ್ರೆ ನಿನ್ನ ಹಿಂದೆ ಇನ್ನೂ ನಾಲ್ಕು ಮನೆ ಹೋಗುತ್ತೆ ಕಣೋ. ತಂಡ ಬಂದಾಗ ಓಣೀಲಿ ಮಕ್ಕಳೇ ಇಲ್ದಿದ್ರೆ ಶೆಡ್ಡು ಮುಚ್ಚಿಸೋರು ಯಾರು? ಇವತ್ತೋ ನಾಳೆಯೋ ಬರ್ತಾರೆ, ಸ್ವಲ್ಪ ತಡಕೋ." ಅಕ್ಕನ ಮಾತು ಮೀರಿದವನಲ್ಲ ಅವನು. ಕಟ್ಟಿದ ಗಂಟು ಬಿಚ್ಚಿದ.

"ಸ್ವಾಮಿ, ನಮ್ಮ ಗೋಡೆ ಯಾಕೆ ಕೆರೀತಿದೀರಾ?" ನರ್ಸಮ್ಮ ತಂಡದ ಅಧಿಕಾರಿಯನ್ನು ಕೇಳಿದರು.

ಅವರು ಟ್ಯಾಬು ತಿರುಗಿಸಿ ತೋರಿಸಿದರು. ನಕಾಶೆಯಲ್ಲಿ ನಿಂಬೆಹಣ್ಣಿನ ಗಾತ್ರದ ಒಂದೇ ಒಂದು ಕೆಂಪು ಚುಕ್ಕೆ, ಸರಿಯಾಗಿ ಆಸ್ಪತ್ರೆಯ ನೆತ್ತಿಯ ಮೇಲೆ. "ನಲವತ್ತೊಂದು ಕೇಸು, ಎಲ್ಲಾ ಈ ಕಟ್ಟಡದಲ್ಲೇ ವಾಸ. ಇಷ್ಟು ಮಕ್ಕಳನ್ನ ಎಲ್ಲಿ ಮಲಗಿಸ್ತೀರಮ್ಮಾ?"

ನರ್ಸಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ನೆಟ್ಟಗೆ ಕಂಪ್ಯೂಟರಿನವರ ಕೋಣೆಗೆ ನುಗ್ಗಿದರು. ನಿವೃತ್ತಿಗೆ ಒಂದು ವರ್ಷವಿದ್ದ ಆ ಮನುಷ್ಯ ನಿಶ್ಚಿಂತೆಯಿಂದ ಕನ್ನಡಕ ಒರೆಸುತ್ತಿದ್ದರು.

"ಏನ್ರೀ ಮಾಡಿದೀರಾ ನೀವು?"

"ನಾನೇನು ಮಾಡ್ಲಮ್ಮಾ? ವಿಳಾಸ ನಾವು ಬರೆಯೋ ಹಾಗಿಲ್ಲ, ಪಟ್ಟಿಯಿಂದ ಆರಿಸ್ಬೇಕು. ಆ ಓಣಿಗೆ ಮಂಜೂರಾತೀನೇ ಇಲ್ಲ, ಪಟ್ಟೀಲಿ ಎಲ್ಲಿಂದ ಬರ್ಬೇಕು? ವಿಳಾಸ ಹಾಕ್ದೆ ಫಾರಂ ಮುಂದಕ್ಕೂ ಹೋಗಲ್ಲ. ಮೊದಲನೇ ದಿನ ನಿಮ್ಮನ್ನೇ ಕೇಳ್ದೆ. ಹೊರಗೆ ಸಾಲು ನಿಂತಿತ್ತು. 'ಏನೋ ಒಂದು ಹಾಕಿ ಕಳಿಸ್ರೀ, ಜೀವ ತಿನ್ಬೇಡಿ' ಅಂದ್ರಿ. ಆಸ್ಪತ್ರೇದೇ ಹಾಕ್ದೆ."

ಅಂದದ್ದು ನಿಜ. ನರ್ಸಮ್ಮ ಹೊರಬಂದು ಅಧಿಕಾರಿಯ ಮುಂದೆ ನಿಂತರು. ನಾಚಿಕೆಯೂ ಆಗಿತ್ತು, ಸಿಟ್ಟಂತೂ ಇಳಿದಿರಲಿಲ್ಲ.

"ಓಣಿಗೆ ನಡೀರಿ ಸ್ವಾಮಿ, ನಾನೇ ತೋರಿಸ್ತೀನಿ."

"ಆಗಲ್ಲಮ್ಮಾ. ಆದೇಶದಲ್ಲಿರೋ ವಿಳಾಸ ಬಿಟ್ಟು ಬೇರೆ ಕಡೆ ಕಾಲಿಟ್ರೆ ನನ್ನ ತಲೆಗೆ ಬರುತ್ತೆ. ಹೊಸ ಅರ್ಜಿ ಕೊಡಿ, ಮೂರ್ನಾಲ್ಕು ತಿಂಗಳಲ್ಲಿ ಬರ್ತೀವಿ. ಇಲ್ಲಿ ವಾಸ ಇರೋ ಮಕ್ಕಳಾದ್ರೆ ಈಗಲೇ ರಕ್ತ ನೋಡಬಹುದಿತ್ತು."

"ಇಲ್ಲಿ ವಾಸ ಇರೋ ಮಕ್ಕಳಾ?"

"ಹೂಂ."

"ಹಾಗಿದ್ರೆ ಒಂದು ಗಂಟೆ ಕೂತಿರಿ. ಅಲ್ಲಾಡ್ಬೇಡಿ."

ತಮ್ಮನಿಗೆ ಫೋನು ಹೋಯಿತು. ಗಂಟೆ ತುಂಬುವ ಮೊದಲೇ ಎರಡು ಟೆಂಪೊಗಳಲ್ಲಿ ಓಣಿಗೆ ಓಣಿಯೇ ಬಂದಿಳಿಯಿತು. ಬೆಂಚು ಸಾಲದೆ ಮಕ್ಕಳು ನೆಲದ ಮೇಲೆ ಕೂತರು. ಒಂದಿಬ್ಬರು ಆಗಲೇ ತೂಕದ ಯಂತ್ರ ಹತ್ತಿ ಕುಣಿಯತೊಡಗಿದ್ದರು.

"ತಗೊಳ್ಳಿ," ಎಂದರು ನರ್ಸಮ್ಮ. "ನಿಮ್ಮ ನಕಾಶೆ ಪ್ರಕಾರ ಇವರೆಲ್ಲ ಇಲ್ಲೇ ಸಂಸಾರ ಮಾಡ್ಕೊಂಡಿದಾರೆ. ಬೇಕಾದ್ರೆ ಹೆಸರು ಕೂಗಿ ನೋಡಿ."

ಅಧಿಕಾರಿ ಕೂಗಿ ನೋಡಿದರು. ಹೆಸರು ತಾಳೆಯಾಯಿತು, ವಿಳಾಸವಂತೂ ಮೊದಲೇ ತಾಳೆಯಾಗಿತ್ತು. ನಗು ತಡೆದುಕೊಂಡು ಅವರು ಪೆಟ್ಟಿಗೆಯಿಂದ ಪುಟ್ಟ ಯಂತ್ರ ಹೊರತೆಗೆದರು. ಬೆರಳಿಗೊಂದು ಸೂಜಿ, ಒಂದು ಹನಿ ರಕ್ತ, ಮೂರು ನಿಮಿಷಕ್ಕೆ ಅಂಕಿ. ಐದು ದಾಟಿದರೆ ಚಿಂತೆ ಮಾಡಬೇಕು. ಮೊದಲ ಮಗುವಿಗೆ ಹತ್ತೊಂಬತ್ತು ಬಂತು. ಮುಂದಿನದಕ್ಕೆ ಇಪ್ಪತ್ತಾರು. ಅಧಿಕಾರಿಯ ಮುಖದ ನಗು ಅಲ್ಲಿಗೇ ನಿಂತಿತು. ಹತ್ತನೆಯ ಮಗುವಿನ ಹೊತ್ತಿಗೆ ಯಾರೂ ಕೇಳದೆಯೇ ಅವರು ಹೇಳಿದರು: "ಹೊಸ ಅರ್ಜಿ ನಾನೇ ಬರೀತೀನಮ್ಮಾ. ನಾಳೆ ಬೆಳಿಗ್ಗೆ ಆ ಶೆಡ್ಡಿನ ಮುಂದೆ ಇರ್ತೀನಿ."

ಅಂತೂ ಗೆದ್ದೆ ಎಂದುಕೊಂಡರು ನರ್ಸಮ್ಮ.

ಪುಟ್ಟಿ ಅಪ್ಪನ ತೊಡೆಯ ಮೇಲೆ ಕೂತು ಬೆರಳು ಚಾಚಿದಳು. ಅಳಲಿಲ್ಲ, ಅಳುವಷ್ಟು ತ್ರಾಣವೂ ಇದ್ದಂತಿರಲಿಲ್ಲ. ಯಂತ್ರ ನಲವತ್ತೆಂಟು ಎಂದಿತು. ಅಧಿಕಾರಿ ಇನ್ನೊಂದು ಹನಿ ತೆಗೆದು ಮತ್ತೆ ನೋಡಿದರು. ನಲವತ್ತೆಂಟೇ.

"ಈ ಮಗೂನ ಇವತ್ತೇ ದೊಡ್ಡಾಸ್ಪತ್ರೆಗೆ ಸೇರಿಸ್ಬೇಕು. ಆ ಗಾಳೀಲಿ ಒಂದೊಂದು ದಿನ ಕಳೆದ ಹಾಗೆಲ್ಲ ಇದು ಏರ್ತಾನೇ ಇರುತ್ತೆ."

ನರ್ಸಮ್ಮ ಮನಸ್ಸಿನಲ್ಲೇ ದಿನ ಎಣಿಸಿದರು. ಎರಡು ತಿಂಗಳೆಂದರೆ ಅರವತ್ತು ದಿನ. ತಮ್ಮನ ಮುಖ ನೋಡುವ ಧೈರ್ಯವಾಗಲಿಲ್ಲ.

ಮಗಳನ್ನು ಹೆಗಲಿಗೆ ಹಾಕಿಕೊಂಡು ತಮ್ಮ ಎದ್ದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಎಂದಿನಂತೆ ಅಕ್ಕನನ್ನು ಕೇಳುವ ಹಾಗೇ ಕೇಳಿದ.

"ಅಕ್ಕಾ, ಈಗ ಮನೆ ಬದಲಿಸ್ಬಹುದಾ?"