ದೇವಮ್ಮಜ್ಜಿ ಹಾಡಿದ ಅರ್ಧ ಹಾಡು

ಅಮೆರಿಕಾದ ಪ್ಲೇನ್ಸ್‌ಬರೋದಲ್ಲಿ ನರ್ಸ್ ಆಗಿರುವ ಕಲಾ ಸಿದ್ದಿ ಸಮುದಾಯದವಳು. ಅವಳ ಹಿರಿಯರನ್ನು ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಗುಲಾಮರನ್ನಾಗಿ ಹಡಗಿನಲ್ಲಿ ತಂದಿದ್ದರು; ಕೊನೆಗೆ ಅವರು ಯಲ್ಲಾಪುರದ ಕಾಡಂಚಿನಲ್ಲಿ ನೆಲೆಸಿದರು. ಆದರೆ ಇಲ್ಲಿ ಯಾರಾದರೂ ಊರು ಕೇಳಿದರೆ ಕಲಾ "ಬೆಂಗಳೂರು" ಎಂದು ಮಾತು ಮುಗಿಸುತ್ತಿದ್ದಳು.

ಒಂದು ಶನಿವಾರ ಬೆಳಿಗ್ಗೆ ಒಂಬತ್ತು ವರ್ಷದ ಮಗಳು ಇಂಚರಾ ಅಳುತ್ತಾ ಹಠ ಹಿಡಿದಳು.

"ಮಮ್ಮಿ, ಐ ವಾಂಟ್ ಸ್ಟ್ರೇಟ್ ಹೇರ್! ಕನ್ನಡ ಕ್ಲಾಸಲ್ಲಿ ಶ್ರಿಯಾ ಸೆಡ್ ಐಯಾಮ್ ನಾಟ್ ಇಂಡಿಯನ್. ದೆನ್ ವಾಟ್ ಆ್ಯಮ್ ಐ?"

ಕಲಾ ಕೂದಲು ನೇರ ಮಾಡುವ ಕ್ರೀಮಿನ ಡಬ್ಬಿ ತೆಗೆದಳು. ಓದುವಾಗ ಹಾಸ್ಟೆಲಿನ ಹುಡುಗಿಯರು ತನ್ನ ಗುಂಗುರು ಕೂದಲು ನೋಡಿ ನಕ್ಕ ದಿನದಿಂದ ತಾನೂ ಅದನ್ನೇ ಹಚ್ಚಿಕೊಂಡು ಬಂದವಳು.

ಅಷ್ಟರಲ್ಲಿ ಪಕ್ಕದ ಅಪಾರ್ಟ್‌ಮೆಂಟಿನ ಅಬೆನಾ ಬಂದಳು. ಘಾನಾ ದೇಶದವಳು, ಕಲಾಳ ಜೊತೆಯೇ ಕೆಲಸ ಮಾಡುವವಳು. ಮನೆಯಲ್ಲಿ ಮಕ್ಕಳೊಡನೆ ತನ್ನ ಟ್ವಿ ಭಾಷೆಯನ್ನೇ ಆಡುವವಳು. ಕಲಾಳ ಜೊತೆ ಅವಳ ಮಾತೆಲ್ಲ ಇಂಗ್ಲಿಷಿನಲ್ಲಿ.

"ಮಗು ತಲೆಗೆ ಇದನ್ನ ಹಚ್ತೀಯಾ? ಚರ್ಮ ಸುಡತ್ತೆ ಕಣೆ."

"ಗೊತ್ತು. ಆದ್ರೆ ಇವಳನ್ನ ನೋಡಿ ಯಾರೂ ನಗಬಾರ್ದಲ್ಲ."

"ನನ್ನ ಮಗಳೂ ಹೀಗೇ ಅತ್ತಿದ್ಲು. ಮುಂದೆ ಕೂರಿಸ್ಕೊಂಡು ಜಡೆ ಹೆಣೀತಾ ನಮ್ಮಜ್ಜಿ ಕಥೆ ಹೇಳ್ದೆ. ತಾನು ಯಾರ ಮನೆಯವಳು ಅಂತ ತಿಳಿದ್ಮೇಲೆ ಸುಮ್ಮನಾದ್ಲು. ನಿಮ್ಮಮ್ಮ ಹಾಡ್ತಾರೆ ಅಂತ ನೀನೇ ಅಂದಿದ್ದೆ, ಅಲ್ವಾ?"

"ಹೌದು, ನಮ್ಮ ಡಮಾಮಿ ಡೋಲು ಬಾರಿಸ್ಕೊಂಡು. ಅಮೆರಿಕಾದಲ್ಲಿ ಅದ್ಯಾರಿಗೆ ಬೇಕು?"

"ನಿನಗೆ ಬೇಡ್ವಾ?"

ಕಲಾಳಿಗೆ ಬೇಕಿತ್ತು. ಕೆಲಸಕ್ಕೆ ಡ್ರೈವ್ ಮಾಡುವಾಗ ಎಷ್ಟೋ ಸಲ ಬೆರಳುಗಳು ತಾವಾಗಿ ಸ್ಟಿಯರಿಂಗ್ ಮೇಲೆ ಆ ತಾಳ ಹಾಕುತ್ತಿದ್ದವು. ಪದಗಳು ಮಾತ್ರ ಬಾಯಿಗೆ ಬರುತ್ತಿರಲಿಲ್ಲ. ಡಬ್ಬಿಯನ್ನು ಕಸದ ಬುಟ್ಟಿಗೆ ಎಸೆದು ಊರಿಗೆ ವಿಡಿಯೋ ಕಾಲ್ ಮಾಡಿದಳು.

ಅಲ್ಲಿ ಸಂಜೆ. ತಾಯಿ ದೇವಮ್ಮ ಆಗಷ್ಟೇ ಮಿಂದು ಬಂದಿದ್ದಳು. ತಲೆಯ ಮೇಲೆ ಸೆರಗಿರಲಿಲ್ಲ. ಅಜ್ಜಿಯ ಗುಂಗುರು ಕೂದಲನ್ನು ಮೊದಲ ಸಲ ಕಂಡು ಇಂಚರಾ ಕಣ್ಣರಳಿಸಿದಳು.

"ಅಜ್ಜೀ, ಯು ಹ್ಯಾವ್ ಮೈ ಹೇರ್!" ಕಲಾ ಅದನ್ನು ಅವ್ವನಿಗೆ ಕನ್ನಡದಲ್ಲಿ ತಿಳಿಸಿದಳು.

"ನಿಂದಲ್ಲ ತಂಗೀ, ಅದು ನಂದು. ನಂಗೆ ನಮ್ಮವ್ವ ಕೊಟ್ಟಿದ್ಲು, ನಾ ನಿಮ್ಮವ್ವಂಗೆ ಕೊಟ್ಟೆ."

"ಅವ್ವಾ, ಆ ಡಮಾಮಿ ಹಾಡು ಹೇಳೇ," ಎಂದಳು ಕಲಾ.

ದೇವಮ್ಮ ಫೋನಿನ ಹತ್ತಿರಕ್ಕೆ ಸರಿದಳು. "ಈಗ ನೆನಪಾಯ್ತನೇ? ಸಂಗಡ ಹಾಡೋರೆಲ್ಲ ಒಬ್ಬೊಬ್ಬರೇ ಹೋದ್ರು. ನಂಗೂ ಅರ್ಧ ಮರ್ತೇ ಹೋಗ್ಯದೆ."

ಉಳಿದ ಅರ್ಧವನ್ನು ಹಾಡಿದಳು. ಕಲಾ ಅಳುತ್ತಲೇ ರೆಕಾರ್ಡ್ ಮಾಡಿಕೊಂಡಳು. ಎರಡನೇ ಸಲಕ್ಕೆ ಇಂಚರಾ ದನಿಗೂಡಿಸಿದಳು.

ಮರೆತುಹೋದ ಅರ್ಧ ಇನ್ನು ಸಿಗಲಾರದು. ಆದರೆ ಮರುವಾರ ಕನ್ನಡ ಕ್ಲಾಸಿನಲ್ಲಿ ಇಂಚರಾ ಎದ್ದು ನಿಂತು ಕನ್ನಡದಲ್ಲೇ ಹೇಳಿದಳು: "ನಾನು ಸಿದ್ದಿ. ನಮ್ಮಜ್ಜಿ ಯಲ್ಲಾಪುರದವರು. ಅವರಜ್ಜಿಯ ಅಜ್ಜಿಯ ಅಜ್ಜಿ ಆಫ್ರಿಕಾದವರು."

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಮನೆಯಲ್ಲೂ ಹಾಡು ಬಲ್ಲ ಹಿರಿಯರು ಒಬ್ಬರಾದರೂ ಇರುತ್ತಾರೆ. ಇವತ್ತೇ ಫೋನ್ ಮಾಡಿ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕೇಳಿ. ಮಕ್ಕಳು ಇಂಗ್ಲಿಷಿನಲ್ಲಿ ಉತ್ತರ ಕೊಟ್ಟರೂ ನೀವು ನಿಮ್ಮ ಭಾಷೆ ಬಿಡಬೇಡಿ. ನಿಮ್ಮ ಕನ್ನಡ ಕ್ಲಾಸಿಗೆ ಗುಂಗುರು ಕೂದಲಿನ ಮಗುವೊಂದು ಬಂದರೆ, ಅದು ಯಾರ ಮನೆಯದೆಂದು ಪ್ರೀತಿಯಿಂದ ವಿಚಾರಿಸಿ, ಪಕ್ಕದಲ್ಲಿ ಜಾಗ ಕೊಡಿ.