ಉತ್ತರ ಹೇಳದ ಸೈಮಿ

ಸೈಮಿಯ ಕೈಗಳು ಸದಾ ಕೋಟಿನ ಜೇಬಿನಲ್ಲೇ ಇರುತ್ತಿದ್ದವು. ಚಳಿಗಲ್ಲ. ಮಕ್ಕಳು ಒದ್ದಾಡುವುದನ್ನು ಕಂಡರೆ ತನ್ನ ಬೆರಳುಗಳು ತನ್ನ ಮಾತನ್ನೂ ಕೇಳದೆ ಮುನ್ನುಗ್ಗಿ, ವಾಲಿದ್ದನ್ನು ನೆಟ್ಟಗೆ ನಿಲ್ಲಿಸಿ, ಅವರ ಪಾಲಿನ ಸೋಲನ್ನೂ ಆ ಸೋಲಿನ ಬೆನ್ನಿಗೆ ಬರಬೇಕಾದ ಬೆಳಕನ್ನೂ ಕದ್ದುಬಿಟ್ಟಾವು ಎಂಬ ಭಯಕ್ಕೆ. ಮೂವತ್ತು ವರ್ಷಗಳ ಈ ಸೆರೆವಾಸದಿಂದ ಆ ಬೂದುಬಣ್ಣದ ಉಣ್ಣೆ ಕೋಟಿನ ಜೇಬುಗಳು ಜೋತುಬಿದ್ದು, ಆಕೆ ನಡೆದರೆ ಎರಡು ಚೀಲ ಆಲೂಗಡ್ಡೆ ಹೊತ್ತವಳಂತೆ ಅತ್ತಿತ್ತ ತೂಗುತ್ತಿದ್ದಳು.

ಫಿನ್ಲೆಂಡಿನ ಉತ್ತರದ ನಮ್ಮ ಪುಟ್ಟ ಊರಿನ ಶಾಲೆಯಲ್ಲಿ ಗುರುವಾರದ ಎರಡು ಅವಧಿ ಸೈಮಿಯದು. ಊರವರ ಅಟ್ಟಗಳಲ್ಲಿ ಧೂಳು ತಿನ್ನುತ್ತಿದ್ದ ಹಳೆಯ ಮರದ ಸ್ಕೀ ಹಲಗೆಗಳನ್ನು ಬೇಡಿ ತಂದು, ಬೋರಲು ಹಾಕಿ, ಅವುಗಳ ಅಡಿಮೈಯಲ್ಲಿ ಉದ್ದಕ್ಕೂ ಕೊರೆದಿರುವ ತೋಡಿನಲ್ಲಿ ಉಕ್ಕಿನ ಗೋಲಿ ಉರುಳಿಸುವುದೇ ಅವಳ ಭೌತಶಾಸ್ತ್ರ. ನಾಲ್ಕು ನಾಲ್ಕು ಮಕ್ಕಳ ಗುಂಪು, ಎಲ್ಲರ ಕಾಲಿಗೂ ಬರಿಯ ಉಣ್ಣೆಯ ಕಾಲುಚೀಲ, ಹಲಗೆಯನ್ನು ಎತ್ತರಿಸಲು ಸೌನಾ ಎಂಬ ಉಗಿಸ್ನಾನದ ಕೋಣೆಯ ಒಲೆಯ ಸೌದೆ. ಯಾವ ಮಗುವಾದರೂ ಸರಿಯೋ ತಪ್ಪೋ ಎಂದು ಅವಳ ಕಡೆ ತಿರುಗಿದರೆ ಒಂದೇ ಮಾತು: "ನನ್ನ ಮುಖದ ಮೇಲೆ ಏನೂ ಬರ್ದಿಲ್ಲ. ಗೋಲಿ ನೋಡು."

ಇದು ಪಾಠವಲ್ಲ, ಆಟ ಎಂದು ಪುರಸಭೆಯ ಶಿಕ್ಷಣ ಸಮಿತಿ ಕಂಡುಹಿಡಿಯಿತು. ಆ ಎರಡು ಅವಧಿಯನ್ನು ಕಿತ್ತು ಮಕ್ಕಳ ಕೈಗೆ ಟ್ಯಾಬ್ ಕೊಟ್ಟರೆ, ಪರದೆಯ ಮೇಲೆ ಎಂದೂ ದಾರಿ ತಪ್ಪದ ಚೆಂಡು ಉರುಳುತ್ತದಂತೆ. ಎಂದೂ ದಾರಿ ತಪ್ಪದ ಚೆಂಡಿನಿಂದ ಯಾವ ಮಗು ಏನು ಕಲಿತೀತು ಎಂದು ಕೇಳುವ ಒಂದು ನಾಲಗೆಯೂ ಆ ಸಭೆಯಲ್ಲಿರಲಿಲ್ಲ. ಕಾಫಿ ಹೀರುವುದಕ್ಕೆ ಮಾತ್ರ ಹನ್ನೊಂದು ಬಾಯಿಗಳಿದ್ದವು. ಕಣ್ಣಾರೆ ಕಂಡು ತೀರ್ಪು ಕೊಡಲೆಂದು ಅಧ್ಯಕ್ಷ ತೌನೋನನ್ನು ಕಳಿಸಿದರು. ಅವನು ಹ್ಞೂಂ ಎಂದರೆ ಗುರುವಾರ ಉಳಿಯುತ್ತದೆ, ಇಲ್ಲವಾದರೆ ಇಲ್ಲ.

ತೌನೋ ಬಾಗಿಲಲ್ಲಿ ಬೂಟು ಕಳಚಿ ಬಂದು ಒಂದು ಗುಂಪಿನ ಬಳಿ ನಿಂತ. ಅಂದಿನ ಕೆಲಸ, ಗೋಲಿ ಒಂದು ಹಲಗೆಯಿಂದ ಇಳಿದು, ಎದುರಿನ ಹಲಗೆಯನ್ನೇರಿ, ಅದರ ತುದಿಗೆ ಕಟ್ಟಿದ ಹಸುವಿನ ಗಂಟೆಯನ್ನು ಬಾರಿಸಬೇಕು. ಗೋಲಿ ಗಂಟೆಗೆ ಗೇಣು ಕೆಳಗೇ ನಿಂತು, ನಾಚಿದಂತೆ ಹಿಂದಿರುಗಿತು.

"ಮೇಣ ಹಚ್ಚೋದಲ್ವೇನ್ರೋ?" ತೌನೋ ನಕ್ಕ. "ನೀವೇನು ಹಿಮಾನೇ ನೋಡದೋರ ಮಕ್ಕಳಾ?"

ನಮ್ಮೂರಿನ ಗಂಡಸರಿಗೆ ಲೋಕದಲ್ಲಿ ಯಾವುದು ನಿಧಾನವಾದರೂ ಸ್ಕೀ ಮೇಣವೇ ಮದ್ದು. ಅವನ ಜೇಬಿನಲ್ಲೇ ಅದರ ತುಂಡಿತ್ತು. ಮಂಡಿಯೂರಿ, ಮಗುವಿಗೆ ಎಣ್ಣೆ ತೀಡುವ ಅಕ್ಕರೆಯಿಂದ ತೋಡಿನುದ್ದಕ್ಕೂ ತೀಡಿದ. ಮಕ್ಕಳು ಒಬ್ಬರನ್ನೊಬ್ಬರು ತಿವಿದುಕೊಂಡರು. ಸೈಮಿಯ ಕೈಗಳು ಜೇಬಿನಲ್ಲಿ ಇನ್ನಷ್ಟು ಆಳಕ್ಕಿಳಿದವು. ಈ ಸಲ ಗೋಲಿ ಮೊದಲಿನಷ್ಟೂ ಏರದೆ, ಮೈಗೆಲ್ಲ ಮೇಣ ಮೆತ್ತಿಕೊಂಡು ನಡುದಾರಿಯಲ್ಲೇ ಉಸಿರುಬಿಟ್ಟಿತು.

ಮುಂದಿನ ಹಲ್ಲು ಬಿದ್ದ ಪಿಹ್ಲಾ ಎಂಬ ಹುಡುಗಿ ಅವನ ಪಕ್ಕ ಕುಕ್ಕರುಗಾಲಲ್ಲಿ ಕೂತಳು. ನಮ್ಮಲ್ಲಿ ಮಕ್ಕಳು ದೊಡ್ಡವರನ್ನೂ ಹೆಸರು ಹಿಡಿದೇ ಕರೆಯುತ್ತಾರೆ. "ನಾಚ್ಕೋಬೇಡ ತೌನೋ, ಮೊದಲ್ನೇ ವಾರ ನಾವೂ ಇದನ್ನೇ ಮಾಡಿದ್ವಿ. ಸ್ಕೀ ಜಾರತ್ತೆ, ಗೋಲಿ ಉರುಳತ್ತೆ. ಮೇಣ ಅದರ ಕಾಲು ಹಿಡ್ಕೊಳತ್ತೆ."

ಹಾಗಾದರೆ ಏನು ಮಾಡಬೇಕೆಂದು ಅವನು ಸೈಮಿಯತ್ತ ತಿರುಗಿದ. ಆಕೆ ಕಿಟಕಿಯಾಚೆಯ ಹಿಮವನ್ನು ನೋಡುತ್ತಿದ್ದಳು.

"ಅವಳನ್ನ ಕೇಳ್ಬೇಡ, ಅವಳು ಹೇಳಲ್ಲ. ಗೋಲಿ ಬಿಡೋ ಈ ತುದಿ ಹಿಡ್ಕೋ. ಇನ್ನೂ ಮೇಲೆ," ಎಂದಳು ಪಿಹ್ಲಾ. "ಎಷ್ಟು ಎತ್ತರ ಕೊಡ್ತೀವೋ ಅಷ್ಟು ವಾಪಸ್ ಕೊಡತ್ತೆ, ದಾರೀಲಿ ಒಂಚೂರು ತಿನ್ಕೊಳತ್ತೆ. ಆ ತಿನ್ನೋದಕ್ಕೇ ಎರಡು ಸೌದೆಯಷ್ಟು ಎತ್ತರ ಜಾಸ್ತಿ."

ಗುಂಪಿನ ಒಬ್ಬ ಮೇಣ ಒರೆಸಿದ, ಒಬ್ಬಳು ದಾರ ಹಿಡಿದು ಅಳೆದಳು, ಇನ್ನೊಬ್ಬ ಅಧ್ಯಕ್ಷರ ಮೊಣಕೈಯನ್ನು ಮೇಲಕ್ಕೆ ನೂಕಿದ. ಗೋಲಿ ಇಳಿಯಿತು, ಏರಿತು, ಗಂಟೆ ಬಾರಿಸಿತು. ನಾಲ್ಕು ಮಕ್ಕಳು ಒಟ್ಟಿಗೆ ಎದ್ದು ಕುಣಿದ ರಭಸಕ್ಕೆ ನೆಲವೇ ನಡುಗಿತು. ತೌನೋ ಹಲಗೆ ಇಳಿಸಲಿಲ್ಲ. ಇನ್ನೊಂದ್ಸಲ ಎಂದ. ಐದು ಸಲ ಬಾರಿಸಿದ ಮೇಲೆ, ಮರದ ಗೋಲಿಯಾದರೆ ಎಲ್ಲಿಯವರೆಗೆ ಹೋದೀತು ಎಂದು ಕೇಳಿದ.

"ಮುಂದಿನ ಗುರುವಾರ ಬಾ," ಎಂದಳು ಸೈಮಿ.

ಮುಂದಿನ ಗುರುವಾರ ಇರಬೇಕೋ ಬೇಡವೋ ಎಂದು ತೀರ್ಮಾನಿಸಲು ಬಂದವನು, "ಬರ್ತೀನಿ" ಎಂದ.

ಬಲ್ಲದ್ದನ್ನೆಲ್ಲ ಬಾಯಿತುಂಬ ಉದುರಿಸುವವರಿಗೆ ನಾವು ಪಂಡಿತರೆಂದು ಪೀಠ ಹಾಕಿದ್ದೇವೆ. ಬಲ್ಲದ್ದನ್ನು ನುಂಗಿಕೊಂಡು, ಮಗು ತಾನಾಗಿ ಕಾಣುವ ಕ್ಷಣಕ್ಕೆ ಕಾಯುವವರನ್ನು ಸೋಮಾರಿಗಳೆಂದು ಜರೆದಿದ್ದೇವೆ. ಈ ಎರಡನೆಯ ಕುಲದವರು ತಮ್ಮ ಹೆಸರನ್ನು ಯಾರ ನಾಲಗೆಯ ಮೇಲೂ ಬಿಟ್ಟುಹೋಗುವುದಿಲ್ಲ. ಆದರೆ ಅವರ ಕೈಕೆಳಗೆ ಬೆಳೆದ ಮಕ್ಕಳು, ಎದುರಿಗೆ ನಿಂತವನು ಎಷ್ಟೇ ದೊಡ್ಡವನಾಗಿರಲಿ, ಅವನಿಗೆ ಅಂಜದೆ, ಅವನನ್ನು ಅವಮಾನಿಸದೆ, ನೀನು ತಪ್ಪು ಎಂದು ಹೇಳಬಲ್ಲವರಾಗಿರುತ್ತಾರೆ.